ನನ್ನ ಅರ್ಜಿಯ ಪಾಸ್‌ವರ್ಡ್ ನನ್ನ ಹತ್ತಿರವೇ ಇರಲಿಲ್ಲ

ದಾವಣಗೆರೆ, ಚಿತ್ರದುರ್ಗದ ಕಡೆ ಬಿ.ಫಾರ್ಮ ಮುಗಿಸಿ ಅಮೆರಿಕದ ಯೂನಿವರ್ಸಿಟಿಗಳಿಗೆ ಅರ್ಜಿ ಹಾಕಬೇಕು ಅಂತಿದ್ದೀರಾ? ಕನ್ಸಲ್ಟೆನ್ಸಿಗೆ ದುಡ್ಡು ಕಟ್ಟುವ ಮುಂಚೆ ಇದನ್ನು ಓದಿ. ಆಗಲೇ ಕಟ್ಟಿದ್ದರೆ ಇವತ್ತೇ ಓದಿ.

ನಾನು ದಾವಣಗೆರೆಯವಳು. ಫಾರ್ಮಾಸ್ಯುಟಿಕಲ್ ಸೈನ್ಸಸ್‌ನಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಆಸೆ. ಊರಲ್ಲೇ ಇರುವ ಒಂದು ಕನ್ಸಲ್ಟೆನ್ಸಿಗೆ ಅಪ್ಪನ ಜೊತೆ ಹೋದೆ. ಅಲ್ಲಿನವರು ಅಪ್ಪನಿಗೆ ಟೀ ತರಿಸಿದರು. "ಇವಳು ನಮ್ಮ ಮನೆ ಮಗಳಿದ್ದಂಗೆ ಸಾರ್, ಪೂರ್ತಿ ನಮಗೆ ಬಿಡಿ" ಅಂದರು. ನಾವು ನಿಜಕ್ಕೂ ಪೂರ್ತಿ ಬಿಟ್ಟೆವು.

ಮೊದಲ ಸುಳ್ಳು ಅವತ್ತೇ ಬಂತು. "ನೋಡಮ್ಮಾ, ಬರೀ ಬಿ.ಫಾರ್ಮಗೆ ಅಲ್ಲಿ ಪಿಎಚ್‌ಡಿ ಕೊಡಲ್ಲ. ಎಂಎಸ್‌ಗೆ ಹಾಕೋಣ, ಲೋನ್ ನಾವೇ ಮಾಡಿಸ್ತೀವಿ." ನಮ್ಮ ನಾಲ್ಕು ವರ್ಷದ ಬಿ.ಫಾರ್ಮ ಮೇಲೇ ನೇರವಾಗಿ ಪಿಎಚ್‌ಡಿಗೆ ತೆಗೆದುಕೊಳ್ಳುವ ವಿಭಾಗಗಳು ಅಲ್ಲಿ ಎಷ್ಟೋ ಇವೆ. ಸಾಮಾನ್ಯವಾಗಿ ಫೀಸ್ ಮನ್ನಾ ಮಾಡಿ, ತಿಂಗಳ ಖರ್ಚಿಗೆ ಸ್ಟೈಪೆಂಡ್ ಕೂಡ ಕೊಡುತ್ತಾರೆ. ಎಂಎಸ್‌ಗಾದರೆ ಹೆಚ್ಚಾಗಿ ನಾವೇ ಕಟ್ಟಬೇಕು. ಹಾಗೆ ಕಟ್ಟುವ ವಿದ್ಯಾರ್ಥಿಯನ್ನು ಕರೆತಂದವರಿಗೆ ಎಷ್ಟೋ ಯೂನಿವರ್ಸಿಟಿಗಳು ಕಮಿಷನ್ ಕೊಡುತ್ತವೆ. ಸ್ಟೈಪೆಂಡ್ ಪಡೆಯುವ ಹುಡುಗಿಯಿಂದ ಏಜೆಂಟರಿಗೆ ಏನು ಸಿಗುತ್ತೆ ಹೇಳಿ? ನಾನು ಹಟ ಹಿಡಿದ ಮೇಲೆ ನಾಲ್ಕು ಕಡೆ ಪಿಎಚ್‌ಡಿಗೇ ಹಾಕುತ್ತೇವೆ ಅಂತ ಒಪ್ಪಿದರು. ಪ್ಯಾಕೇಜ್ 85 ಸಾವಿರ. ಅಪ್ಪ ಚೀಟಿ ಎತ್ತಿ ಕೊಟ್ಟರು. ಅದರಲ್ಲಿ 60 ಸಾವಿರ ನಗದು, ರಸೀದಿ ಇಲ್ಲ. ಬೈಯ್ಯಬೇಡಿ, ಮನೆಯಲ್ಲಿ ಆಗಲೇ ಬೈಸಿಕೊಂಡಿದ್ದೇನೆ.

ಟ್ರಾನ್ಸ್‌ಕ್ರಿಪ್ಟ್, ಅಂದರೆ ಎಲ್ಲ ವರ್ಷದ ಅಂಕಗಳ ಅಧಿಕೃತ ದಾಖಲೆ ತರೋಕೆ ಬೆಂಗಳೂರಿನ ಜಯನಗರದಲ್ಲಿರುವ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯಕ್ಕೆ ಎರಡು ಸಲ ಓಡಿಸಿದರು. ನಮ್ಮ ಪದವಿ ಅಲ್ಲಿನ ಯಾವ ಪದವಿಗೆ ಸಮ ಅಂತ ನೋಡಿ ಹೇಳುವ ಡಬ್ಲ್ಯುಇಎಸ್ ಸಂಸ್ಥೆಯ ಮೌಲ್ಯಮಾಪನ ಅಂತ ಬೇರೆ ದುಡ್ಡು ತಗೊಂಡರು. ಆಮೇಲೆ ಕೂತು ನೋಡಿದರೆ, ನಾನು ಹಾಕಿದ ನಾಲ್ಕೂ ಕಡೆ ಅರ್ಜಿಯ ಹಂತದಲ್ಲಿ ಅಂಕಪಟ್ಟಿಯ ಸ್ಕ್ಯಾನ್ ಸಾಕಿತ್ತು. ಅಸಲಿ ಟ್ರಾನ್ಸ್‌ಕ್ರಿಪ್ಟ್ ಕೇಳುವುದು ಸೀಟು ಸಿಕ್ಕ ಮೇಲೆ. ಯೂನಿವರ್ಸಿಟಿಯ ವೆಬ್‌ಸೈಟಿನಲ್ಲೇ ಬರೆದಿತ್ತು. ನಾನು ತೆರೆದೇ ಇರಲಿಲ್ಲ.

ಇನ್ನು ಎಸ್‌ಒಪಿ, ಅಂದರೆ ಈ ಕೋರ್ಸ್ ಯಾಕೆ ಓದಬೇಕು ಅಂತ ನಾವೇ ಬರೆದುಕೊಡುವ ಪತ್ರ. ಅದರ ಕಥೆ ಕೇಳಿ. ನಾನು ಬರೆದುಕೊಟ್ಟಿದ್ದು ಎಂಟನೇ ಸೆಮಿಸ್ಟರ್‌ನ ಪ್ರಾಜೆಕ್ಟ್ ಬಗ್ಗೆ. ಔಷಧ ಬೇಗ ಹೊರಬರದಂತೆ ತಡೆಯುವ ಎಚ್‌ಪಿಎಂಸಿ ಪುಡಿ ಹಾಕಿ, ಸಕ್ಕರೆ ಕಾಯಿಲೆಯ ಔಷಧ ಮೆಟ್‌ಫಾರ್ಮಿನ್ ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಮಾಡುತ್ತಿದ್ದೆವು. ಮಳೆಗಾಲದಲ್ಲಿ ಗ್ರ್ಯಾನ್ಯೂಲ್ಸ್ (ಮಾತ್ರೆಗೆ ಮಾಡಿಕೊಂಡ ಹರಳುಪುಡಿ) ತೇವ ಎಳೆದುಕೊಂಡು, ಮಾತ್ರೆ ಒತ್ತುವ ಪಂಚಿಗೆ ಅಂಟಿಕೊಳ್ಳುತ್ತಿದ್ದವು. ಮಾತ್ರೆಯ ಮೇಲ್ಭಾಗವೆಲ್ಲ ಕಿತ್ತು ಬರುತ್ತಿತ್ತು. ಮತ್ತೆ ಓವನ್‌ನಲ್ಲಿ ಒಣಗಿಸಿ, ಅಂಟದಿರಲಿ ಅಂತ ಹಾಕುವ ಮೆಗ್ನೀಸಿಯಂ ಸ್ಟಿಯರೇಟ್ ಸ್ವಲ್ಪ ಜಾಸ್ತಿ ಮಾಡಿದರೆ, ಔಷಧ ಬಿಡುಗಡೆಯ ಲೆಕ್ಕವೇ ಬದಲಾಗುತ್ತಿತ್ತು. ಈ ತಲೆನೋವಿನಿಂದಲೇ ನನಗೆ ಸಂಶೋಧನೆ ಇಷ್ಟವಾಗಿದ್ದು. "ಇದೆಲ್ಲ ಬೋರಿಂಗಮ್ಮಾ" ಅಂತ ಅವರು ಅದನ್ನು ತೆಗೆದು, ಸಕ್ಕರೆ ಕಾಯಿಲೆಯಿಂದ ತೀರಿಕೊಂಡ ಅಜ್ಜನ ಹಾಸಿಗೆ ಪಕ್ಕ ನಾನು ಶಪಥ ಮಾಡಿದ ಹಾಗೆ ಬರೆದರು. ನನ್ನ ಅಜ್ಜ ಜಗಳೂರಿನ ಹತ್ತಿರ ಹಳ್ಳಿಯಲ್ಲಿದ್ದಾರೆ. ಇವತ್ತೂ ಬೆಳಿಗ್ಗೆ ಮೆಕ್ಕೆಜೋಳದ ಹೊಲಕ್ಕೆ ನಡೆದೇ ಹೋಗುತ್ತಾರೆ. ಅದೇ ಕನ್ಸಲ್ಟೆನ್ಸಿಗೆ ಬಂದಿದ್ದ ಚಿತ್ರದುರ್ಗದ ಹುಡುಗನ ಎಸ್‌ಒಪಿಯಲ್ಲೂ ಇದೇ ಅಜ್ಜ, ಇದೇ ಹಾಸಿಗೆ, ಇದೇ ಶಪಥ.

ಇಷ್ಟಾದರೂ ನಾನು ಸುಮ್ಮನಿದ್ದೆ. ಡಿಸೆಂಬರ್ 1ರ ಗಡುವಿಗೆ ಅರ್ಜಿ ಹೋಯಿತು ಅಂದರು. ನನ್ನ ಹೆಸರಲ್ಲಿ ಅವರೇ ಹೊಸ ಇಮೇಲ್ ಐಡಿ ಮಾಡಿದ್ದರು. ಪಾಸ್‌ವರ್ಡ್ ಕೇಳಿದಾಗಲೆಲ್ಲ "ಏನಾದ್ರೂ ಬಂದ್ರೆ ನಾವೇ ಫೋನ್ ಮಾಡ್ತೀವಿ" ಅನ್ನುವ ಉತ್ತರ. ಜನವರಿ ಹೋಯಿತು, ಫೆಬ್ರವರಿ ಹೋಯಿತು. ಮಾರ್ಚ್‌ನಲ್ಲಿ ಅಣ್ಣ ಬಂದು ಜಗಳ ಮಾಡಿದ ಮೇಲೆ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟರು.

ಅಲ್ಲೇ ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ತೆರೆದೆ. ಜಾಹೀರಾತಿನ ಮೇಲ್‌ಗಳ ನಡುವೆ ದಪ್ಪ ಅಕ್ಷರದಲ್ಲಿ, ಯಾರೂ ಓದದ ಒಂದು ಮೇಲ್. ಜನವರಿ 17. ಒಂದು ಯೂನಿವರ್ಸಿಟಿ ನನ್ನನ್ನು ಜೂಮ್ ಸಂದರ್ಶನಕ್ಕೆ ಕರೆದಿತ್ತು. ಒಂದು ವಾರದೊಳಗೆ ಸಮಯ ಆರಿಸಿ ಅಂತಿತ್ತು. ಅದರ ಮೇಲೆ ಇನ್ನೊಂದು ಮೇಲ್, ನೆನಪಿಸೋಕೆ. ಅದನ್ನೂ ಯಾರೂ ಓದಿರಲಿಲ್ಲ.

ಕೈ ನಡುಗುತ್ತಿತ್ತು. ಕ್ಷಮೆ ಕೇಳಿ ಇನ್ನೊಂದು ಅವಕಾಶ ಕೊಡಿ ಅಂತ ಬರೆಯೋಣ ಅಂದುಕೊಂಡು ಅರ್ಜಿಯ ಪೋರ್ಟಲ್ ತೆರೆದೆ. ಅಲ್ಲಿ ಶಿಫಾರಸು ಪತ್ರ ಕೊಟ್ಟವರ ಪಟ್ಟಿ ಇತ್ತು. ನಮ್ಮ ಮೂವರು ಮೇಷ್ಟ್ರುಗಳ ಹೆಸರು ಸರಿಯಾಗಿತ್ತು. ಇಮೇಲ್ ಮಾತ್ರ ಮೂರೂ ಜಿಮೇಲ್, ಕಾಲೇಜಿನದಲ್ಲ. ಪತ್ರ ಹಾಕುವ ಲಿಂಕನ್ನು ಯೂನಿವರ್ಸಿಟಿ ಕಳಿಸುವುದು ಆ ಇಮೇಲ್‌ಗೇ. ನಮ್ಮ ಗೈಡ್ ಸರ್‌ಗೆ ಫೋನ್ ಮಾಡಿದೆ. "ನನಗೆ ಯಾವ ಲಿಂಕೂ ಬಂದೇ ಇಲ್ವಲ್ಲಮ್ಮಾ. ನೀನು ಬೇರೆಯವರನ್ನ ಕೇಳಿರಬೇಕು ಅಂದ್ಕೊಂಡಿದ್ದೆ" ಅಂದರು. ಮೂವರ ಹೆಸರಲ್ಲೂ ಸುಳ್ಳು ಐಡಿ ಮಾಡಿ, ಪತ್ರವನ್ನೂ ಇವರೇ ಬರೆದು ಹಾಕಿದ್ದರು. ಕೆಳಗೆ, ಕೊಟ್ಟಿರುವ ಮಾಹಿತಿಯೆಲ್ಲ ನಿಜ ಅನ್ನುವ ಘೋಷಣೆಗೆ ನನ್ನ ಹೆಸರಿನ ಸಹಿ.

ಇನ್ನು ಯಾವ ಬಾಯಲ್ಲಿ ಸಂದರ್ಶನ ಕೇಳಲಿ? ನಾಲ್ಕೂ ಕಡೆ ನಾನೇ ಮೇಲ್ ಬರೆದು ಅರ್ಜಿ ಹಿಂದಕ್ಕೆ ತಗೊಂಡೆ. ಕನ್ಸಲ್ಟೆನ್ಸಿಯವರು ಹೇಳಿದ್ದು ಇಷ್ಟೇ: "ಎಲ್ಲರೂ ಹಿಂಗೇ ಮಾಡೋದಮ್ಮಾ."

ಎಲ್ಲರೂ ಹಾಗೆ ಮಾಡುವುದಿಲ್ಲ. ಈ ಸಲ ನಾನೇ ಮಾಡುತ್ತಿದ್ದೇನಲ್ಲ, ಗೊತ್ತಾಗುತ್ತಿದೆ. ಅರ್ಜಿ ತುಂಬೋಕೆ ಬೇಕಿರುವುದು ಎರಡು ಮೂರು ಸಂಜೆ. ಮೇಷ್ಟ್ರ ಕಾಲೇಜು ಇಮೇಲ್ ಕೊಟ್ಟರೆ ಲಿಂಕ್ ನೇರ ಅವರಿಗೇ ಹೋಗುತ್ತೆ. ಜಿಆರ್‌ಇ ಪ್ರವೇಶ ಪರೀಕ್ಷೆ ಬೇಕಾ, ಅರ್ಜಿ ಶುಲ್ಕ ಮನ್ನಾ ಇದೆಯಾ ಅಂತ ವಿಭಾಗದ ಕೋಆರ್ಡಿನೇಟರ್‌ಗೆ ನೇರವಾಗಿ ಬರೆದು ಕೇಳಿದೆ, ಎರಡು ದಿನದಲ್ಲಿ ಉತ್ತರ ಬಂತು. ಇಂಗ್ಲಿಷ್ ಪರೀಕ್ಷೆ ಟೋಫೆಲ್‌ನ ಅಂಕ ಎರಡೇ ವರ್ಷ ನಡೆಯುತ್ತೆ, ಅದೃಷ್ಟಕ್ಕೆ ನನ್ನದು ಇನ್ನೂ ಇದೆ. ಇಲ್ಲೇ ಎಂ.ಫಾರ್ಮ ಓದುವವರಿಗೆ ಜಿಪ್ಯಾಟ್ ಪ್ರವೇಶ ಪರೀಕ್ಷೆಯ ದಾರಿಯೂ ಇದೆ ಅನ್ನಿ.

ದುಡ್ಡಿನ ವಿಷಯಕ್ಕೆ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿದ್ದೇನೆ. ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ದೂರಿನ ಶುಲ್ಕ ಇಲ್ಲ. ನನ್ನ ಕೈಲಿರುವುದು ಆನ್‌ಲೈನ್‌ನಲ್ಲಿ ಕಟ್ಟಿದ 25 ಸಾವಿರದ ದಾಖಲೆ ಮಾತ್ರ.

ಮೇ ತಿಂಗಳಲ್ಲಿ ಅವರ ಆಫೀಸಿನ ಮುಂದೆ ಒಂದು ಫ್ಲೆಕ್ಸ್ ಬಿತ್ತು. ಅಮೆರಿಕಕ್ಕೆ ಹೊರಟವರಿಗೆ ಅಭಿನಂದನೆಗಳು. ಎರಡನೇ ಸಾಲಿನಲ್ಲಿ ನನ್ನ ಪಾಸ್‌ಪೋರ್ಟ್ ಸೈಜ್ ಫೋಟೊ! ಅಣ್ಣ ಹೋಗಿ ಗಲಾಟೆ ಮಾಡಿ ಬಂದ. ಈಗ ನನ್ನ ಮುಖದ ಮೇಲೆ ಬೇರೆ ಹುಡುಗಿಯ ಫೋಟೊ ಅಂಟಿಸಿದ್ದಾರೆ. ಅವಳು ಯಾರು ಅಂತ ನನಗೆ ಗೊತ್ತಿಲ್ಲ. ಗೊತ್ತಿದ್ದವರು ದಯವಿಟ್ಟು ಇದನ್ನು ಅವಳಿಗೆ ಕಳಿಸಿ.