ಕಸ್ಟರ್ ಕೌಂಟಿಯ ಹಳೆ ಮನೆ: ಪೇಟೆಯದೋ, ಹೊಲದ್ದೋ?

ಅಮೆರಿಕದ ನೆಬ್ರಾಸ್ಕಾ ರಾಜ್ಯದ ಕಸ್ಟರ್ ಕೌಂಟಿಯಲ್ಲಿ (ನಮ್ಮ ಜಿಲ್ಲೆ ಥರ) ಹಳೆ ಮನೆ ಕೊಳ್ಳೋದಾದರೆ ಪೇಟೆಯದೋ, ಹೊಲದ್ದೋ ಅಂತ ಕೇಳಿದ್ದೀರಿ. ಮೊದಲು ಜನಸಂಖ್ಯೆ ನೋಡಿ. 1920ರಲ್ಲಿ 26 ಸಾವಿರ ದಾಟಿತ್ತು, 2020ರಲ್ಲಿ ಸುಮಾರು ಹತ್ತೂವರೆ ಸಾವಿರ. ಯಂತ್ರಗಳು ಬಂದವು, ಹೊಲಗಳು ದೊಡ್ಡವಾದವು, ಅಷ್ಟು ಕೈಗಳು ಬೇಡವಾದವು.

ಅದಕ್ಕೇ ಖಾಲಿ ಬಿದ್ದ ಹೊಲದ ಮನೆ ಅಗ್ಗಕ್ಕೆ ಸಿಗಬಹುದು. ಆದರೆ ಬಾವಿ, ಸೆಪ್ಟಿಕ್ ಟ್ಯಾಂಕ್, ಪ್ರೊಪೇನ್ ಗ್ಯಾಸು, ರಸ್ತೆವರೆಗೆ ಹಿಮ ತೆಗೆಯೋದು ಎಲ್ಲಾ ನಿಮ್ಮ ತಲೆ ಮೇಲೆ, ಅದೂ ಚಳಿಗಾಲ ಜೋರಾಗಿರೋ ಕಡೆ. ಕೌಂಟಿ ಕೇಂದ್ರವಾದ ಬ್ರೋಕನ್ ಬೋದಲ್ಲಿ ನಲ್ಲಿ ನೀರು, ಆಸ್ಪತ್ರೆ, ಅಂಗಡಿ ಹತ್ತಿರ.

ಬಾಳಿಕೆಯಲ್ಲಿ ಹೆಚ್ಚು ವ್ಯತ್ಯಾಸ ಇಲ್ಲ. ಎರಡೂ ಕಡೆ ಮರದ ಚೌಕಟ್ಟಿನ ಮನೆಗಳೇ ಜಾಸ್ತಿ. 1978ಕ್ಕಿಂತ ಹಳೆಯದಾದರೆ ಸೀಸದ ಬಣ್ಣ ಇರಬಹುದು, ವೈರಿಂಗ್ ಕೂಡ ತಿಳಿದವರಿಗೆ ತೋರಿಸಿಯೇ ಮುಂದುವರಿಯಿರಿ. ವರ್ಷಗಟ್ಟಲೆ ಬೀಗ ಹಾಕಿದ್ದ ಮನೆಯಲ್ಲಿ ಚಾವಣಿ ಸೋರಿ ಒಳಗಿನ ಮರ ಕೊಳೆತಿರಬಹುದು, ಅಲ್ಲಿ ಅಗ್ಗದ ಬೆಲೆ ನಂಬಬೇಡಿ.

ಇತಿಹಾಸ ಬೇಕು ಅಂದ್ರೆ ಹುಲ್ಲುಮಣ್ಣಿನ ಮನೆಗಳ ಕಥೆ ಇದೆ. 1862ರ ಹೋಮ್‌ಸ್ಟೆಡ್ ಕಾಯ್ದೆಯಲ್ಲಿ, ಅಂದರೆ ನೆಲೆಸಲು ಬಂದವರಿಗೆ ಸರ್ಕಾರಿ ಭೂಮಿ ಕೊಡೋ ಕಾನೂನಿನಲ್ಲಿ, 160 ಎಕರೆವರೆಗೆ ಭೂಮಿ ಸಿಗುತ್ತಿತ್ತು, ಮರ ಮಾತ್ರ ಇಲ್ಲಿ ತೀರಾ ಕಡಿಮೆ. ಹುಲ್ಲಿನ ಬೇರು ಹಿಡಿದ ಮಣ್ಣನ್ನೇ ಇಟ್ಟಿಗೆ ಥರ ಕತ್ತರಿಸಿ ದಪ್ಪ ಗೋಡೆ ಕಟ್ಟಿದರು. ಇದೇ ಕೌಂಟಿಯ ಕಾಮ್‌ಸ್ಟಾಕ್ ಊರಿನ ಹತ್ತಿರ 1900ರಲ್ಲಿ ಕಟ್ಟಿದ ಅಂಥದೇ ಡೌಸ್ ಮನೆ ಇನ್ನೂ ನಿಂತಿದೆ, ದಯವಿಟ್ಟು ನೋಡಿಬನ್ನಿ. ಎಂಥಾ ಕಷ್ಟಜೀವಿಗಳು!

ಮಕ್ಕಳು, ವಯಸ್ಸಾದವರು ಜೊತೆಗಿದ್ದರೆ ಪೇಟೆಯ ಮನೆ ನೋಡಿ. ರಿಪೇರಿ ಕೈಗೆ ಒಗ್ಗಿದ್ದು, ಮನೆಯಿಂದಲೇ ಕೆಲಸ ಮಾಡುವವರಾದರೆ ಹೊಲದ್ದು, ಇಂಟರ್ನೆಟ್ ಬರುತ್ತಾ ಅಂತ ಕೇಳಿಕೊಂಡು.