ಕಾಡುಹಂದಿಗೆ ಸೀರೆ ಬೇಲಿಯೋ, ಸೋಲಾರ್ ಬೇಲಿಯೋ?

ಬನ್ನೇರುಘಟ್ಟ ಕಾಡಿನಂಚಿಗೆ, ಕಗ್ಗಲೀಪುರದ ಕಡೆ ನಮ್ಮದು ಒಂದೂವರೆ ಎಕರೆ. ಮನೆಯೂ ಹೊಲದಲ್ಲೇ. ಹೋದ ವರ್ಷ ಕಡ್ಲೆಕಾಯಿ ಬಲಿಯುವ ಹೊತ್ತಿಗೆ ಹಂದಿಗಳು ಒಂದೇ ರಾತ್ರಿ ಆರು ಸಾಲು ಮಗುಚಿಹಾಕಿದವು. ಬೆಳಿಗ್ಗೆ ನೆಲ ಉತ್ತ ಹಾಗಿತ್ತು, ಬಳ್ಳಿಗಳ ನಡುವೆ ಜಗಿದು ಉಗಿದ ಸಿಪ್ಪೆ.

ಮೊದಲು ಕಟಿಂಗ್ ಶಾಪಿನಿಂದ ಎರಡು ಚೀಲ ಕೂದಲು ತಂದು ಬದುವಿನುದ್ದಕ್ಕೂ ಉದುರಿಸಿದೆ. ಮೂಸುತ್ತಾ ಬರುವ ಹಂದಿಯ ಮೂಗಿಗೆ ಕೂದಲು ಹೋಗಿ ಕಿರಿಕಿರಿಯಾಗುತ್ತದೆ ಅನ್ನುವ ಲೆಕ್ಕ. "ಮಳೆಗೆ ನೆಂದ್ರೆ ಮುಗೀತು ಕಣಪ್ಪ" ಅಂದಿದ್ದರು ಪಕ್ಕದ ಹೊಲದ ತಾತ. ಐದನೇ ದಿನ ಮಳೆ ಬಂತು, ಆರನೇ ದಿನ ಹಂದಿ ಬಂತು.

ಹಳೇ ಸೀರೆ ಕಟ್ಟಿದ್ದು ಅದಕ್ಕಿಂತ ವಾಸಿ. ಹಂದಿಗೆ ಕಣ್ಣು ಮಂದ. ಗಾಳಿಗೆ ಪಟಪಟ ಅನ್ನುವ ಬಟ್ಟೆ ಕಂಡರೆ ಹಿಂಜರಿಯುತ್ತದೆ. ಖರ್ಚೂ ಇಲ್ಲ. ಆದರೆ ಮೂರು ವಾರಕ್ಕೆ ಅಭ್ಯಾಸವಾಗಿ ಅಡಿಯಿಂದ ನುಸುಳಿದವು. ಆಗಲೇ ಒಂದು ಸಂಜೆ ಮರಿ ಹಾಕಿದ ಹೆಣ್ಣುಹಂದಿ ಬಚ್ಚಲ ಹಿಂದೆ ನಮ್ಮ ನಾಯಿಯ ಪಕ್ಕೆ ಸಿಗಿಯಿತು. ಮರಿಗಳಿದ್ದಾಗ ಟಾರ್ಚ್ ಹಿಡಿದು ಓಡಿಸಲು ಹೋಗಬೇಡಿ, ಒಳಗೇ ಇರಿ.

ಕೊನೆಗೆ ಸೋಲಾರ್ ಬೇಲಿ. 12 ವೋಲ್ಟ್ ಬ್ಯಾಟರಿಯಿಂದ ನಡೆಯುವ ಯಂತ್ರ ಸೆಕೆಂಡಿಗೊಮ್ಮೆಯಂತೆ ತಂತಿಗೆ ಸಾವಿರಾರು ವೋಲ್ಟಿನ ಝಟಕಾ ಬಿಡುತ್ತದೆ. ಅದು ಕಣ್ಣು ಮಿಟುಕಿಸುವುದಕ್ಕಿಂತ ಬೇಗ ಮುಗಿಯುವುದರಿಂದ ಹೊಡೆತ ಜೋರು, ಪ್ರಾಣಕ್ಕೆ ಕುತ್ತಿಲ್ಲ. ನಾನು ಕೆಳಗಿನ ತಂತಿಯನ್ನು ಮೊಣಕಾಲೆತ್ತರಕ್ಕೆ ಎಳೆದಿದ್ದೆ. ಮಾರನೇ ದಿನ ತಂತಿಯಡಿ ತೋಡಿದ ಗುಂಡಿ, ಗೂಟಕ್ಕೆ ಅಂಟಿದ ಕೆಸರು, ಅದರಲ್ಲಿ ನಾಲ್ಕು ಒರಟು ರೋಮ. ಒಂದು ಗೇಣಿಗೆ ಇಳಿಸಿದ ಮೇಲೆ ಮೂತಿಗೇ ತಗಲುತ್ತದೆ, ನಿಂತವು. ಹುಲ್ಲು ತಾಗಿದರೆ ಕರೆಂಟು ನೆಲಕ್ಕಿಳಿದು ಹೊಡೆತ ಸಪ್ಪೆ, ಹಾಗಾಗಿ ವಾರಕ್ಕೊಮ್ಮೆ ಕುಡುಗೋಲು ಹಿಡಿಯಲೇಬೇಕು.

ಮನೆಯ ಕರೆಂಟನ್ನು ನೇರವಾಗಿ ತಂತಿಗೆ ಕೊಡುವವರಿದ್ದಾರೆ. ದಯವಿಟ್ಟು ಬೇಡ. ರಾತ್ರಿ ನೀರು ಹಾಯಿಸಲು ಹೋದ ಮನೆಯವರೇ ಸಾಯುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿಯಿಲ್ಲದೆ ಹಂದಿ ಕೊಲ್ಲುವುದೂ ಅಪರಾಧ.

ದುಡ್ಡಿಲ್ಲದಿದ್ದರೆ ಪೂರ್ತಿ ಹೊಲಕ್ಕೆ ಸೋಲಾರ್ ಬೇಕಿಲ್ಲ. ಈ ಸಲ ನಾನು ಕಡ್ಲೆಕಾಯಿ, ಗೆಣಸಿನ ಸುತ್ತ ಮಾತ್ರ ತಂತಿ ಎಳೆದಿದ್ದೇನೆ. ರಾಗಿಗೆ ತೆನೆ ಬಲಿಯುವ ಕೊನೆಯ ಮೂರು ವಾರ ಸೀರೆ.