ಮ್ಯೂಸಿಯಂ ಸ್ಟೋರ್ ರೂಮಿಗೆ ಡಿಹ್ಯೂಮಿಡಿಫೈಯರ್: ಕೆಲವು ಮಳೆಗಾಲ ಕಳೆದ ಮೇಲೆ

ಉಡುಪಿ ಕಡೆ ಒಂದು ಟ್ರಸ್ಟಿನ ಸಣ್ಣ ಮ್ಯೂಸಿಯಂ ಉಂಟು, ಅದರ ಸ್ಟೋರ್ ರೂಮ್ ನೋಡ್ಕೊಳ್ಳೋದು ನಾನು. ತಾಳೆಗರಿ ಕಟ್ಟುಗಳು, ಬಣ್ಣ ಹಚ್ಚಿದ ಹಲಸಿನ ಮರದ ಭೂತದ ಮೂರ್ತಿಗಳು, ಹಳೇ ಯಕ್ಷಗಾನದ ವೇಷಭೂಷಣ, ಕಂಚಿನ ಸಾಮಾನು, ಎಲ್ಲ ಒಂದೇ ರೂಮಲ್ಲಿ. ಜೂನ್ ಬಂತು ಅಂದ್ರೆ ಹೊರಗೆ ತೇವಾಂಶ 90 ಪರ್ಸೆಂಟ್ ಆಸುಪಾಸಲ್ಲೇ ದಿನಗಟ್ಟಲೆ ನಿಂತಿರ್ತದೆ, ರೂಮೊಳಗೆ 65-70 ದಾಟಿ ಕೆಲವು ದಿನ ಹಾಗೇ ಇದ್ರೆ ಬೂಷ್ಟು ಹಿಡೀಲಿಕ್ಕೆ ಅಷ್ಟೇ ಸಾಕು. ಹಾಗಾಗಿ ದಿನಕ್ಕೆ 20 ಲೀಟರ್ ಅಂತ ಬರೆದಿರೋ ಪೋರ್ಟಬಲ್ ಡಿಹ್ಯೂಮಿಡಿಫೈಯರ್, ಅಂದ್ರೆ ಗಾಳಿಯ ತೇವವನ್ನು ನೀರಾಗಿ ಹಿಡಿದು ಟ್ಯಾಂಕಿಗೆ ಇಳಿಸೋ ಮೆಷಿನ್, ತಗೊಂಡ್ವಿ. ಕಂಪನಿ ಹೆಸರು ಹಾಕೋದಿಲ್ಲ, ನಾನು ಹೇಳೋ ತೊಂದರೆ ಈ ಥರದ ಬೇರೆ ಮೆಷಿನ್‌ಗಳಲ್ಲೂ ಇರಬಹುದು.

ಸ್ಪೆಸಿಫಿಕೇಷನ್ ಎಲ್ಲ ನೀವೇ ನೋಡಿರ್ತೀರಿ. ಒಂದು ಮಾತ್ರ ಹೇಳ್ತೇನೆ, ಆ 20 ಲೀಟರ್ ಅನ್ನೋದು ಸಾಮಾನ್ಯವಾಗಿ 30 ಡಿಗ್ರಿ ಬಿಸಿ, 80 ಪರ್ಸೆಂಟ್ ತೇವ ಇರುವಾಗಿನ ಲೆಕ್ಕ. ರೂಮು 60ಕ್ಕೆ ಇಳಿದ ಮೇಲೆ ನೀರು ಬರೋದು ತುಂಬಾ ಕಮ್ಮಿ ಆಗ್ತದೆ, ಮೆಷಿನ್ ಕೆಟ್ಟಿತು ಅಂತ ಹೆದರ್ಬೇಡಿ.

ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೆ ನನ್ನ ಮೊದಲ ಕೆಲಸ ಮೂಗಲ್ಲಿ. ಮುಗ್ಗಲು ವಾಸನೆ ಉಂಟಾ ನೋಡೋದು. ಆಮೇಲೆ ಟ್ಯಾಂಕ್ ಎತ್ತಿ ನೀರು ಅಂಗಳದ ದಾಸವಾಳಕ್ಕೆ, ಫಿಲ್ಟರ್ ಒಂದು ಸಲ ತಟ್ಟಿ ಹಾಕೋದು, ಲಾಗರ್ (ತೇವಾಂಶ ಅಳೆದು ದಾಖಲೆ ಇಡೋ ಸಣ್ಣ ಸಾಧನ) ತೋರಿಸೋ ನಂಬರ್ ಪುಸ್ತಕದಲ್ಲಿ ಬರಿಯೋದು. ಲಾಗರ್ ಸರಿ ಉಂಟಾ ಅಂತ ನೋಡ್ಲಿಕ್ಕೆ ಅಡುಗೆ ಉಪ್ಪು ಸಾಕು ಮಾರಾಯ್ರೆ: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ ಒದ್ದೆ ಮರಳಿನ ಹದಕ್ಕೆ ನಾಲ್ಕು ಹನಿ ನೀರು, ಅದನ್ನೂ ಲಾಗರನ್ನೂ ಒಟ್ಟಿಗೆ ಜಿಪ್ ಕವರಲ್ಲಿ ಹಾಕಿ ರಾತ್ರಿ ಇಡಿ. ಉಪ್ಪು ಎಲ್ಲ ಕರಗಿರ್ಬಾರ್ದು. ಬೆಳಿಗ್ಗೆ 75ರ ಹತ್ತಿರ ತೋರಿಸ್ಬೇಕು. ನನಗೆ ತುಂಬಾ ಇಷ್ಟದ ಕೆಲಸ ಇದು, ಪ್ರತಿ ಮಳೆಗಾಲದ ಮುಂಚೆ ಮಾಡ್ತೇನೆ.

ಈಗ ತೊಂದರೆ. ಕರೆಂಟ್ ಹೋಗಿ ಬಂದ್ರೆ ಈ ಮೆಷಿನ್ ತಾನಾಗಿ ಶುರು ಆಗೋದಿಲ್ಲ. ಯಾರಾದ್ರೂ ಹೋಗಿ ಟಚ್ ಬಟನ್ ಒತ್ತಬೇಕು. ನಮ್ಮ ಮಳೆಗಾಲದಲ್ಲಿ ರಾತ್ರಿ ಗಾಳಿ ಬಂದು ತಂತಿ ಮೇಲೆ ಮರ ಬೀಳದ ವಾರ ಯಾವುದು ಹೇಳಿ! ಹನ್ನೊಂದು ಗಂಟೆಗೆ ಹೋದ ಕರೆಂಟ್ ಅರ್ಧ ಗಂಟೇಲಿ ಬಂದ್ರೂ ಇದು ಬೆಳಿಗ್ಗೆವರೆಗೆ ಸುಮ್ಮನೆ ನಿಂತಿರ್ತದೆ. ಗ್ರಾಫ್ ನೋಡಿದ್ರೆ ಹೊಟ್ಟೆ ಉರೀತದೆ, 60ರಲ್ಲಿದ್ದ ಗೆರೆ ಸೀದಾ ಮೇಲೆ. ಕಂಪ್ರೆಸರ್ ನೀರು ತೆಗೆಯುವಾಗ ರೂಮನ್ನು ಬಿಸಿನೂ ಮಾಡಿರ್ತದೆ, ನಿಂತ ಮೇಲೆ ರೂಮು ತಣ್ಣಗಾಗಿ ಗಾಳಿಲಿ ಇದ್ದಷ್ಟೇ ನೀರಿಗೆ ಪರ್ಸೆಂಟ್ ಏರ್ತದೆ, ಅದರ ಮೇಲೆ ಕೆಂಪುಕಲ್ಲಿನ ಗೋಡೆ ಹೀರಿಟ್ಟದ್ದನ್ನೂ ಬಿಡ್ತಾ ಹೋಗ್ತದೆ. ಮರಕ್ಕೆ ಈ ಏರಿಳಿತವೇ ವಿಷ. ಮರ ಉಬ್ಬಿ ಕುಗ್ಗಿದ ಹಾಗೆ ಮೇಲಿನ ಬಣ್ಣದ ಪದರ ಉಬ್ಬಿ ಕುಗ್ಗೋದಿಲ್ಲ, ಎದ್ದು ಉದುರ್ತದೆ. ಸರ್ವಿಸಿಗೆ ಫೋನ್ ಮಾಡಿದ್ರೆ "ಬಟನ್ ಒತ್ತಿದ್ರಾಯ್ತಲ್ಲ ಸರ್" ಅಂತಾರೆ. ನಡುರಾತ್ರಿ ಒತ್ಲಿಕ್ಕೆ ಯಾರಿದ್ದಾರೆ?

ಮೆಷಿನ್ ವಾಪಸ್ ಕೊಡುವ ಅಂತಲೇ ಇದ್ದೆ. ಅಷ್ಟರಲ್ಲಿ ಎರಡನೇ ಲಾಗರನ್ನು ತಾಳೆಗರಿ ಇಟ್ಟ ಪೆಟ್ಟಿಗೆ ಒಳಗೆ ಹಾಕಿ ನೋಡಿದೆ. ಎಂಥ ಖುಷಿ ಆಯ್ತು ಗೊತ್ತುಂಟಾ, ರೂಮಿನ ಗೆರೆ ರಾತ್ರಿಯಿಡೀ ಏರಿದ್ರೂ ಪೆಟ್ಟಿಗೆ ಒಳಗೆ ಹೆಚ್ಚುಕಮ್ಮಿ ಸಪಾಟು! ಗಟ್ಟಿ ಮುಚ್ಚಳ, ಒಳಗೆ ಹತ್ತಿ ಬಟ್ಟೆಯಲ್ಲಿ ಸುತ್ತಿದ ಕಟ್ಟು, ಆ ಬಟ್ಟೆ ಮತ್ತೆ ಗರಿಗಳೇ ತೇವವನ್ನು ಸ್ವಲ್ಪ ಹೀರಿ ಸ್ವಲ್ಪ ಬಿಟ್ಟು ಸರಿದೂಗಿಸ್ತಾವೆ. ಹಿಂದಿನವರು ತಾಳೆಗರಿಯನ್ನು ಮರದ ಹಲಗೆ ಮಧ್ಯೆ ಬಿಗಿದು ಬಟ್ಟೆ ಸುತ್ತಿ ಇಡ್ತಿದ್ದದ್ದು ಸುಮ್ಮನೆ ಅಲ್ಲ.

ಆದ್ರೆ ಹೊಸ ಪ್ಲೈವುಡ್ ಪೆಟ್ಟಿಗೆ ಮಾತ್ರ ಬೇಡ. ಅದರ ಅಂಟಿಂದ ಫಾರ್ಮಾಲ್ಡಿಹೈಡ್, ಮರದಿಂದ ಅಸಿಟಿಕ್ ಆಸಿಡ್ ಆವಿ ಬರ್ತಾ ಇರ್ತದೆ, ಮುಚ್ಚಿದ ಜಾಗದಲ್ಲಿ ಅದು ಹೋಗೋದು ಎಲ್ಲಿಗೆ? ಸೀಸದ ಸಾಮಾನಂತೂ ಬೇಗ ಹಾಳಾಗ್ತದೆ. ನಾವು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕಿನ ಡಬ್ಬ, ಪೌಡರ್ ಕೋಟ್ ಮಾಡಿದ ಸ್ಟೀಲ್ ಕಪಾಟು ಇಟ್ಕೊಂಡಿದ್ದೇವೆ. ನುಸಿಗುಳಿಗೆ ಪೂರ್ತಿ ನಿಲ್ಲಿಸಿದ್ದೇವೆ, ಮುಚ್ಚಿದ ರೂಮಲ್ಲಿ ಅದರ ಹೊಗೆ ಕುಡಿಯೋದು ಕೆಲಸ ಮಾಡೋ ನಾವೇ.

ಡಬ್ಬ ಆದ ಮೇಲೆ ಮೆಷಿನ್ ಮೇಲಿನ ಸಿಟ್ಟು ಸ್ವಲ್ಪ ಇಳೀತು. ಕಪಾಟುಗಳನ್ನು ಹೊರಗೋಡೆಯಿಂದ ದೂರ ಎಳೆದು, ಬಾಗಿಲ ಸಂದಿಗೆ ರಬ್ಬರ್ ಪಟ್ಟಿ ಹಾಕಿದ್ದಕ್ಕೆ ಅದು ಓಡೋ ಹೊತ್ತೂ ಕಮ್ಮಿ ಆಯ್ತು, ಕರೆಂಟ್ ಬಿಲ್ಲೂ ಇಳೀತು. 60ಕ್ಕೇ ಸೆಟ್ ಮಾಡಿ ಬಿಟ್ಟಿದ್ದೇನೆ. ದೊಡ್ಡ ಮ್ಯೂಸಿಯಂಗಳೂ ಈಗ 40ರಿಂದ 60 ಆದೀತು ಅಂತಾವೆ, ಕರಾವಳಿ ಗಾಳಿಗೆ ಒಗ್ಗಿದ ಮರವನ್ನು ಒಮ್ಮೆಲೇ 45ಕ್ಕೆ ಒಣಗಿಸಿದ್ರೆ ಸೀಳ್ತದೆ. ದೊಡ್ಡ ಮರದ ಮೂರ್ತಿಗಳು ಮಾತ್ರ ಯಾವ ಡಬ್ಬಕ್ಕೂ ಹಿಡಿಸೋದಿಲ್ಲ, ಅವುಗಳ ಚಿಂತೆ ಇನ್ನೂ ಹಾಗೇ ಉಂಟು.

ನಮ್ಮಂಥ ಸಣ್ಣ ಬಜೆಟ್ಟಿನವರು ಮೊದಲು ಡಬ್ಬ ಮತ್ತು ಎರಡು ಲಾಗರ್ ತಗೊಳ್ಳಿ, ಮೆಷಿನ್ ಆಮೇಲೆ. ಮೆಷಿನ್ ತಗೊಳ್ಳುವಾಗ ಅಂಗಡಿಯಲ್ಲೇ ಓಡಿಸಿ, ಓಡ್ತಾ ಇರುವಾಗ ಗೋಡೆ ಸ್ವಿಚ್ ಆಫ್ ಮಾಡ್ಲಿಕ್ಕೆ ಹೇಳಿ, ಐದು ನಿಮಿಷ ಬಿಟ್ಟು ಆನ್ ಮಾಡಿಸಿ. ಯಾರೂ ಮುಟ್ಟದೆ ಫ್ಯಾನ್ ತಿರುಗಿದ್ರೆ ಮಾತ್ರ ದುಡ್ಡು ಕೊಡಿ.